ಹೂಬಳ್ಳಿ ಇಲ್ಲದ ಕಂಬ

ನನ್ನ ದೊಡ್ಡಮ್ಮ ಇಪ್ಪತ್ತೆಂಟು ವರ್ಷ ಹಿಂದುಹಿಂದಕ್ಕೆ ನಡೆದವಳು. ತಮಾಷೆ ಮಾಡುತ್ತಿಲ್ಲ, ಅವಳ ಕೆಲಸವೇ ಅದು. ನಮ್ಮೂರು ಒಂದು ಕಾಲದಲ್ಲಿ ರಾಜಧಾನಿ. ರಾಜರು ಹೋದರು, ರಾಜ್ಯ ಹೋಯಿತು, ಅರಮನೆ ಮಾತ್ರ ಎಲ್ಲಿಗೂ ಹೋಗದೆ ಊರ ನಡುವೆ ಕೂತಿದೆ. ಬೆಳಿಗ್ಗೆ ಒಂಬತ್ತಕ್ಕೆ ಅದರ ಬಾಗಿಲು ತೆರೆಯುತ್ತದೆ. ಬಸ್ಸುಗಳಿಂದ ಜನ ಇಳಿಯುತ್ತಾರೆ. ದೊಡ್ಡಮ್ಮ ಕೆಂಪು ಕೊಡೆಯನ್ನು ತಲೆಯ ಮೇಲೆ ಎತ್ತಿ ಹಿಡಿದು, ಜನರ ಕಡೆ ಮುಖ ಮಾಡಿ, ಅರಮನೆಗೆ ಬೆನ್ನು ಕೊಟ್ಟು, ಮಾತಾಡುತ್ತಲೇ ಹಿಂದಕ್ಕೆ ಹೆಜ್ಜೆ ಇಡುತ್ತಾಳೆ. ಗೈಡ್ ಅನ್ನುವವಳು ಮುಖ ತಿರುಗಿಸಿದರೆ ಮಾತೆಲ್ಲ ಗೋಡೆಯ ಪಾಲಾಗುತ್ತದೆ ಎಂದು ಅವಳ ವಾದ. ಅಂಗಳದಿಂದ ದರ್ಬಾರು ಕೋಣೆಗೆ ಹದಿನೇಳು ಮೆಟ್ಟಿಲು. ಅವನ್ನೂ ಹಿಂದುಹಿಂದಕ್ಕೇ ಹತ್ತುತ್ತಾಳೆ. ಒಮ್ಮೆಯೂ ಬಗ್ಗಿ ನೋಡಿದ್ದಿಲ್ಲ, ಒಮ್ಮೆಯೂ ಎಡವಿದ್ದಿಲ್ಲ. ಎಡವುವುದೆಲ್ಲ ಮನೆಯಲ್ಲಿ, ಮುಂದಕ್ಕೆ ನಡೆಯುವಾಗ.

"ಇವಳಿಗೆ ಮುಂದೆ ಹೋಗು ಅಂದ್ರೆ ಭಯ," ಎಂದು ದೊಡ್ಡಪ್ಪ ನಗುತ್ತಾರೆ. "ರಿವರ್ಸ್ ಗೇರ್ ಹಾಕಿದ್ರೆ ಮಾತ್ರ ಗಾಡಿ ಓಡುತ್ತೆ."

ಅರಮನೆಯ ಬಾಗಿಲಿನ ಎದುರಿಗೇ ದೊಡ್ಡಪ್ಪನ ಜೆರಾಕ್ಸ್ ಅಂಗಡಿ. ಮೇಲೆ ಎರಡು ಕೋಣೆಯ ಮನೆ. ಅಡುಗೆಮನೆಯ ಕಿಟಕಿಯಿಂದ ಅರಮನೆಯ ಗಡಿಯಾರ ಕಾಣುತ್ತದೆ. ಅನ್ನಕ್ಕಿಟ್ಟ ದೊಡ್ಡಮ್ಮ ಅದನ್ನು ನೋಡಿಯೇ ಒಲೆ ಆರಿಸುತ್ತಾಳೆ.

ಅವಳು ಓದಿದ್ದು ಏಳನೇ ಕ್ಲಾಸು. ಅರಮನೆಗೆ ಮೊದಲು ಸೇರಿದ್ದು ಚಪ್ಪಲಿ ಸ್ಟ್ಯಾಂಡಿಗೆ. ಜನ ಬಿಟ್ಟುಹೋದ ಚಪ್ಪಲಿಗೆ ಚೀಟಿ ಕಟ್ಟುತ್ತಾ, ಪಕ್ಕದಲ್ಲಿ ಗೈಡುಗಳು ಶುರು ಮಾಡುವ ಮಾತನ್ನು ಕೇಳುತ್ತಾ ಮೂರು ವರ್ಷ ಕಳೆದಳು. ಒಂದು ದಿನ ಮೂವರು ಗೈಡುಗಳಿಗೆ ಒಟ್ಟಿಗೆ ಜ್ವರ. ಹೊರಗೆ ನಾಲ್ಕು ಬಸ್ಸು. ಬೇರೆ ದಾರಿಯಿಲ್ಲದೆ ಆಗಿನ ಹಿರಿಯ ಗೈಡು ಇವಳನ್ನು ಕರೆದು, "ಬಾಯಿ ಇದೆಯಲ್ಲ, ಹೋಗು," ಎಂದರಂತೆ. ಹೋದಳು. ಅವತ್ತು ಬಂದ ಜನ ಹೊರಡುವಾಗ ಚಪ್ಪಲಿ ಹಾಕಿಕೊಳ್ಳುವುದನ್ನೇ ಮರೆತು ಅಂಗಳದಲ್ಲಿ ನಿಂತು ಇನ್ನೂ ಪ್ರಶ್ನೆ ಕೇಳುತ್ತಿದ್ದರಂತೆ. ವರ್ಷದೊಳಗೆ ಅವಳ ಸೆರಗಿಗೆ ಏಳನೇ ನಂಬರಿನ ಹಿತ್ತಾಳೆ ಬಿಲ್ಲೆ ಬಂತು. ಆ ಅರಮನೆಯಲ್ಲಿ ಗೈಡಾದ ಮೊದಲ ಹೆಂಗಸು ಅವಳು.

ಅವಳು ತೋರಿಸುವುದನ್ನು ನೋಡಬೇಕು ನೀವು. ದರ್ಬಾರು ಕೋಣೆಯ ಬಾಗಿಲಲ್ಲಿ ಎಲ್ಲರನ್ನೂ ನಿಲ್ಲಿಸಿ, "ಈಗ ಎಲ್ಲರೂ ನಿಮ್ಮ ನಿಮ್ಮ ಕಾಲ್ಬೆರಳು ನೋಡ್ಕೊಂಡು ನನ್ನ ಹಿಂದೆ ಬನ್ನಿ. ತಲೆ ಎತ್ತಿದವರಿಗೆ ದಂಡ," ಅನ್ನುತ್ತಾಳೆ. ಐವತ್ತು ಜನ, ದೊಡ್ಡ ದೊಡ್ಡ ಹುದ್ದೆಯವರೂ ಸೇರಿ, ಶಾಲೆ ಮಕ್ಕಳ ಹಾಗೆ ತಲೆ ತಗ್ಗಿಸಿಕೊಂಡು ಒಳಗೆ ಬರುತ್ತಾರೆ. ಕೋಣೆಯ ನಡುಮಧ್ಯಕ್ಕೆ ಬಂದ ಮೇಲೆ, "ಈಗ ನೋಡಿ." ತಲೆ ಎತ್ತಿದರೆ ಮೇಲೆ ಬಣ್ಣದ ಗಾಜಿನ ಛಾವಣಿ, ಬಿಸಿಲು ಅದರ ಮೂಲಕ ಇಳಿದು ಎಲ್ಲರ ಮುಖದ ಮೇಲೆ ನವಿಲಿನ ಬಣ್ಣ. ಆಗ ಆ ಕೋಣೆಯಲ್ಲಿ ಏಳುವ ಒಂದು ಉಸಿರಿದೆಯಲ್ಲ, ಅದನ್ನು ಕೇಳಲು ನಾನು ಚಿಕ್ಕವಳಿದ್ದಾಗ ಎಷ್ಟೋ ಸಲ ಗುಂಪಿನ ಬಾಲಕ್ಕೆ ಅಂಟಿಕೊಂಡು ಹೋಗಿದ್ದೇನೆ. ಅಲ್ಲಿ ಅವಳು ಒಂದು ನಿಮಿಷ ಏನೂ ಮಾತಾಡುವುದಿಲ್ಲ. ಬೇರೆ ಗೈಡುಗಳು ಗಾಜು ಎಲ್ಲಿಂದ ಬಂತು, ತೂಕವೆಷ್ಟು ಎಂದು ಅಷ್ಟರಲ್ಲಿ ಎರಡು ಸಲ ಹೇಳಿ ಮುಗಿಸಿರುತ್ತಾರೆ.

ದರ್ಬಾರು ಕೋಣೆ ದಾಟಿದರೆ ಕಂಬಗಳ ಹಜಾರ. ನಲವತ್ತು ಕಲ್ಲಿನ ಕಂಬ. ಮೂವತ್ತೊಂಬತ್ತರ ಮೇಲೆ ಬುಡದಿಂದ ತುದಿಯವರೆಗೆ ಹೂಬಳ್ಳಿಯ ಕೆತ್ತನೆ, ಎಲೆಯ ನರ ಸಹಿತ. ಕಿಟಕಿಯ ಪಕ್ಕದ ಒಂದು ಕಂಬ ಮಾತ್ರ ಬೋಳು. ನಮ್ಮೂರಿಗೆ ಬಂದವರು ಛಾವಣಿಯನ್ನು ಮರೆತರೂ ಆ ಕಂಬವನ್ನು ಮರೆಯುವುದಿಲ್ಲ, ಏಕೆಂದರೆ ಅದಕ್ಕೊಂದು ಕತೆ ಇತ್ತು.

ಹಜಾರ ಕಟ್ಟಿದ ಶಿಲ್ಪಿಗೆ ಒಬ್ಬಳೇ ಮಗಳು. ದಿನಾ ಅಪ್ಪನಿಗೆ ನೀರು ತಂದುಕೊಡುವಳು, ಅವನು ಕುಡಿಯುವಷ್ಟು ಹೊತ್ತು ಕಂಬದ ಬಳ್ಳಿಯ ಮೇಲೆ ಬೆರಳಾಡಿಸುತ್ತಾ ನಿಲ್ಲುವಳು. ಮೂವತ್ತೊಂಬತ್ತು ಮುಗಿಸಿದ ಶಿಲ್ಪಿ, ನಲವತ್ತನೆಯದು ನನ್ನ ಮಗಳ ಕೈಗೆ ಎಂದು ಬಿಟ್ಟ. ಅವಳು ಉಳಿ ಹಿಡಿಯುವಷ್ಟು ದೊಡ್ಡವಳಾಗುವ ಮೊದಲೇ ಅವರು ದೂರದ ಊರಿಗೆ ಹೋಗಬೇಕಾಯಿತು. ಬೇರೆ ಯಾರೂ ಅದನ್ನು ಮುಟ್ಟಬಾರದೆಂದು ರಾಜ ಅಪ್ಪಣೆ ಮಾಡಿದ. ಕತೆ ಇಷ್ಟೇ. ಕೇಳಿದವರು ಸುಮ್ಮನೆ ಹೋಗುತ್ತಿರಲಿಲ್ಲ. ಕಂಬದ ಮೇಲೆ ಬೆರಳಿಂದ ಇಲ್ಲದ ಬಳ್ಳಿ ಬರೆದು ಹೋಗುತ್ತಿದ್ದರು. ವರ್ಷಾನುಗಟ್ಟಲೆ ಬೆರಳು ಸೋಕಿ ಆ ಕಂಬ ಎದೆಯ ಎತ್ತರದವರೆಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಎಲ್ಲ ಗೈಡುಗಳೂ ಅದನ್ನೇ ಹೇಳುತ್ತಿದ್ದರು. ಟೇಪ್ ಅಂತ ಒಬ್ಬನಿದ್ದಾನೆ, ದೊಡ್ಡಮ್ಮನಿಗಿಂತ ಹತ್ತು ವರ್ಷ ಚಿಕ್ಕವನು. ಒಮ್ಮೆ ಶುರು ಮಾಡಿದರೆ ಕೊನೆಯವರೆಗೆ ನಿಲ್ಲದೆ ಓಡುತ್ತಾನೆ, ಅದಕ್ಕೇ ಆ ಹೆಸರು. ಅವನು ಆ ಮಗಳಿಗೆ ಹಾವು ಕಚ್ಚಿಸಿ ಸಾಯಿಸಿಯೂ ಬಿಟ್ಟಿದ್ದ. "ಜನ ಅಳ್ತಾರೆ ಅಕ್ಕ, ಏನು ಮಾಡ್ಲಿ," ಅನ್ನುತ್ತಿದ್ದ.

ಹೋದ ವರ್ಷ ಅರಮನೆಗೆ ಹೊಸ ಅಧಿಕಾರಿ ಬಂದರು. ವಯಸ್ಸು ಕಡಿಮೆ, ಮಾತೂ ಕಡಿಮೆ, ಎಲ್ಲಿ ಹೋದರೂ ಕೈಯಲ್ಲಿ ಅಳತೆ ಟೇಪು. ಬಂದವರ ಕಿವಿಗೆ ಹೆಡ್‌ಫೋನ್ ಕೊಟ್ಟು ಕೋಣೆ ಕೋಣೆಯಲ್ಲೂ ವಿವರಣೆ ಕೇಳಿಸುವ ಯಂತ್ರ ತರಿಸುವುದೆಂದು ತೀರ್ಮಾನಿಸಿದರು. ಕನ್ನಡದ ದನಿ ಯಾರದು ಎಂಬ ಪ್ರಶ್ನೆ ಬಂದಾಗ, ಒಂದು ವಾರ ಎಲ್ಲ ಗೈಡುಗಳ ಹಿಂದೆ ಸದ್ದಿಲ್ಲದೆ ಸುತ್ತಿ, ಕೊನೆಗೆ ದೊಡ್ಡಮ್ಮನನ್ನು ಕರೆಸಿದರು.

"ನಿಮ್ಮ ದನಿ ಬೇಕು. ನೀವು ನಿವೃತ್ತಿ ಆದ ಮೇಲೂ ಜನ ನಿಮ್ಮನ್ನೇ ಕೇಳ್ತಿರ್ತಾರೆ," ಎಂದರು. "ಆಮೇಲೆ ಆ ಬೋಳು ಕಂಬದ ಪಕ್ಕ ಒಂದು ಕಲ್ಲಿನ ಫಲಕ ಹಾಕಿಸ್ತಿದ್ದೀನಿ. ಕತೆ ಕೆತ್ತೋಕೆ ಹೇಳಿಯಾಗಿದೆ. ಅದನ್ನ ಚೆನ್ನಾಗಿ ಹೇಳಿ."

ಮನೆಗೆ ಬಂದು ಇದನ್ನು ಹೇಳುವಾಗ ದೊಡ್ಡಮ್ಮ ಕೂತಲ್ಲಿ ಕೂರಲಿಲ್ಲ. ದೊಡ್ಡಪ್ಪ ಅಂಗಡಿಗೆ ಬಂದವರಿಗೆಲ್ಲ ಒಂದೊಂದು ಹೆಚ್ಚುವರಿ ಪ್ರತಿ ತೆಗೆದುಕೊಟ್ಟರು. ಚಪ್ಪಲಿಗೆ ಚೀಟಿ ಕಟ್ಟುತ್ತಿದ್ದವಳ ದನಿ ಅರಮನೆಯ ದನಿಯಾಗುವುದೆಂದರೆ ಸಣ್ಣ ಮಾತೇ?

ಅಭ್ಯಾಸಕ್ಕೆಂದು ಮನೆಯಲ್ಲೇ ಒಂದು ಸಲ ಹೇಳಿ, ಮೊಬೈಲಿನಲ್ಲಿ ಹಿಡಿದು ತರಬೇಕೆಂದು ಅಧಿಕಾರಿ ಹೇಳಿದ್ದರು. ಆ ಕೆಲಸ ನನ್ನದು. ಕಿಟಕಿಗೆ ರಜಾಯಿ ಕಟ್ಟಿದೆವು, ಫ್ಯಾನ್ ಆರಿಸಿದೆವು, ಕೆಳಗೆ ಜೆರಾಕ್ಸ್ ಯಂತ್ರ ನಿಲ್ಲಿಸಿದೆವು. ಬೀರು ಮತ್ತು ಮಂಚದ ನಡುವಿನ ಸಂದಿಯಲ್ಲಿ ಅವಳು ನಿಂತಳು. ಕೂತರೆ ಮಾತು ಬರುವುದಿಲ್ಲವಂತೆ. ದರ್ಬಾರಿನ ಮಾತು ಮುಗಿಯುವ ಹೊತ್ತಿಗೆ ಹಿಂದಕ್ಕೆ ಹೋಗಿ ಹೋಗಿ ಬೀರುವಿಗೆ ಬೆನ್ನು ಬಡಿದಿತ್ತು. ಒಂದು ಸಲ ಪಕ್ಕದ ಮನೆಯ ಕುಕ್ಕರ್ ಕೂಗಿ ರಾಜರ ಪಟ್ಟಾಭಿಷೇಕ ಕೆಟ್ಟಿತು. ಎರಡು ದಿನದಲ್ಲಿ ಹನ್ನೆರಡು ಕೋಣೆ ಮುಗಿಸಿದೆವು. ಮೂರನೇ ದಿನ, ಅವಳು ಕೊನೆಗೆಂದು ಬಿಟ್ಟಿದ್ದ ಕಂಬಗಳ ಹಜಾರ.

"ಇಲ್ಲಿ ನಲವತ್ತು ಕಂಬಗಳಿವೆ," ಎಂದಳು. ನಿಲ್ಲಿಸಿದಳು. ನೀರು ಕುಡಿದಳು. ಮತ್ತೆ, "ಇಲ್ಲಿ ನಲವತ್ತು ಕಂಬಗಳಿವೆ." ನಾಲ್ಕು ಸಲ ಹಾಗೇ ಆಯಿತು. ಐದನೇ ಸಲ ಮಂಚದ ಮೇಲೆ ಕೂತುಬಿಟ್ಟಳು.

"ಏನಾಯ್ತು ದೊಡ್ಡಮ್ಮ? ಗಂಟಲು ಕೆಟ್ಟಿತಾ?"

"ಗಂಟಲಿಗೇನೂ ಆಗಿಲ್ಲ ಕಣೇ. ಈ ಕತೆ ಸುಳ್ಳು."

"ಯಾರು ಹೇಳಿದ್ದು?"

"ಯಾರೂ ಹೇಳ್ಬೇಕಾಗಿಲ್ಲ. ಕಟ್ಟಿದವಳು ನಾನೇ."

ಹತ್ತೊಂಬತ್ತು ವರ್ಷದ ಹಿಂದಿನ ಮಾತಂತೆ. ಒಂದು ಮಧ್ಯಾಹ್ನ ಮುಂದಿನ ಕೋಣೆಯ ಬೀಗ ಕಚ್ಚಿಕೊಂಡು, ಅರವತ್ತು ಜನ ಆ ಹಜಾರದಲ್ಲಿ ಸಿಕ್ಕಿಹಾಕಿಕೊಂಡರು. ಸೆಖೆ, ಗಲಾಟೆ. ಒಂದು ಪುಟ್ಟ ಹುಡುಗಿ ಬೋಳು ಕಂಬ ತೋರಿಸಿ, "ಇದಕ್ಯಾಕೆ ಹೂವಿಲ್ಲ?" ಎಂದು ಕೇಳಿತು. ದೊಡ್ಡಮ್ಮನಿಗೆ ಉತ್ತರ ಗೊತ್ತಿರಲಿಲ್ಲ. ಆದರೆ ಹಳೆಯ ಗೈಡುಗಳು ಅವಳಿಗೆ ಮೊದಲ ದಿನ ಕಲಿಸಿದ ಪಾಠ ಒಂದೇ: ಗೈಡಿನ ಬಾಯಲ್ಲಿ ‘ಗೊತ್ತಿಲ್ಲ’ ಅನ್ನುವ ಮಾತು ಬರಕೂಡದು. ಬಂದರೆ ಗುಂಪು ಕೈತಪ್ಪಿತು. ಹಾಗಾಗಿ ಅಲ್ಲೇ, ನಿಂತ ನಿಲುವಿನಲ್ಲೇ, ಶಿಲ್ಪಿಯೂ ಮಗಳೂ ನೀರಿನ ಚೊಂಬೂ ಹುಟ್ಟಿದರು. ಬೀಗ ತೆಗೆಯುವ ಹೊತ್ತಿಗೆ ಅರವತ್ತು ಜನ ಉಸಿರು ಬಿಗಿಹಿಡಿದು ಕೂತಿದ್ದರು. ಮಾರನೇ ದಿನ ಬೇರೊಬ್ಬ ಗೈಡು ಅದನ್ನೇ ಹೇಳುವುದು ಅವಳ ಕಿವಿಗೆ ಬಿತ್ತು. ಆಮೇಲೆ ತಡೆಯುವವರು ಯಾರು?

ದೊಡ್ಡಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. "ಈಗ ಇದನ್ನೆಲ್ಲ ಯಾಕೆ ಕೆದಕ್ತೀಯಾ? ಯಾರಿಗೆ ಏನು ನಷ್ಟ? ಸುಮ್ಮನೆ ಹೇಳಿ ಮುಗಿಸು," ಎಂದರು.

ನಾನೂ ಅದನ್ನೇ ಅಂದೆ. ಎಷ್ಟು ಜನಕ್ಕೆ ಖುಷಿ ಕೊಟ್ಟ ಕತೆ, ಇರಲಿ ಬಿಡು ಎಂದೆ.

"ಬಾಯಲ್ಲಿ ಹೇಳಿದ್ದು ಬೇರೆ ಕಣೇ. ನಾನು ಹೇಳ್ದೆ, ಅವ್ರು ಕೇಳಿದ್ರು, ಬಸ್ ಹತ್ತಿದ್ರು. ಈಗ ಕಲ್ಲಲ್ಲಿ ಕೆತ್ತಿಸ್ತಿದ್ದಾರೆ. ನಾನು ಸತ್ತು ನೂರು ವರ್ಷ ಆದ ಮೇಲೂ ಮಕ್ಕಳು ಅದನ್ನ ಓದಿ ಪುಸ್ತಕದಲ್ಲಿ ಬರ್ಕೊಂಡು ಹೋಗ್ತಾರೆ. ಈ ಅರಮನೇಲಿ ನಾನು ಬೇರೆ ಒಂದು ಮಾತೂ ಸುಳ್ಳು ಹೇಳಿಲ್ಲ. ಇದೊಂದೇ. ಅದೇ ಕಲ್ಲಾಗಿ ಕೂರ್ಬೇಕಾ?"

"ಬಿಲ್ಲೆ ಕಿತ್ಕೊಳ್ತಾರೆ," ಎಂದರು ದೊಡ್ಡಪ್ಪ. ಅದು ಸುಮ್ಮನೆ ಹೆದರಿಸಿದ್ದಲ್ಲ. ಬಂದವರಿಗೆ ಗೈಡು ತಪ್ಪು ವಿವರ ಕೊಟ್ಟರೆ ಬಿಲ್ಲೆ ರದ್ದು ಎಂದು ನಿಯಮವೇ ಇದೆ. ಬಿಲ್ಲೆ ಇಲ್ಲದವರು ಅರಮನೆಯೊಳಗೆ ಗುಂಪಿಗೆ ಒಂದು ಮಾತೂ ಹೇಳುವಂತಿಲ್ಲ.

"ಕಿತ್ಕೊಳ್ಳಲಿ," ಎಂದಳು ದೊಡ್ಡಮ್ಮ. ಆದರೆ ಅವಳ ಕೈ ಸೆರಗಿನ ಮೇಲಿನ ಬಿಲ್ಲೆಯನ್ನು ಹಿಡಿದುಕೊಂಡಿತ್ತು.

ಮಾರನೇ ಬೆಳಿಗ್ಗೆ ನಾನೂ ಜೊತೆಗೆ ಹೋದೆ. ಅಧಿಕಾರಿ ಪೂರ್ತಿ ಕೇಳಿಸಿಕೊಂಡರು. ಮುಖದಲ್ಲಿ ಏನೂ ಕಾಣಲಿಲ್ಲ. "ಫಲಕದಲ್ಲಿ ಎರಡೂವರೆ ಸಾಲು ಕೆತ್ತಿಯಾಗಿದೆ," ಎಂದರು. ಅಳತೆ ಟೇಪನ್ನು ಸುತ್ತಿ ಪಕ್ಕಕ್ಕಿಟ್ಟು, "ಇದನ್ನ ನೀವು ಹೇಳದೇ ಇದ್ದಿದ್ರೆ ಯಾರಿಗೂ ತಿಳೀತಿರಲಿಲ್ಲ."

"ಹೌದು ಮೇಡಂ."

"ಬರೆದು ಕೊಡಿ. ಸಮಿತಿ ಮುಂದೆ ಇಡ್ಬೇಕು. ಅಲ್ಲಿವರೆಗೆ ಬಿಲ್ಲೆ ಇಲ್ಲಿರಲಿ."

ದೊಡ್ಡಮ್ಮ ಬಿಲ್ಲೆ ಬಿಚ್ಚಿದಳು. ಇಪ್ಪತ್ತೆಂಟು ವರ್ಷದ ಪಿನ್ನು, ಸೆರಗಿನ ದಾರ ಎಳೆದುಕೊಂಡೇ ಬಂತು. ಮೇಜಿನ ಮೇಲಿಟ್ಟು, "ಮೇಡಂ, ಇನ್ನೊಂದು ಕೇಳ್ಲಾ? ಆ ಕಂಬ ನಿಜವಾಗ್ಲೂ ಯಾಕೆ ಬೋಳು ಅಂತ ಹುಡುಕ್ಬೇಕು. ಹಳೇ ಕಾಗದದ ಕೋಣೆಗೆ ಬಿಡ್ತೀರಾ?" ಎಂದಳು. ಕೆಲಸ ಹೋಗುವ ಹೊತ್ತಿನಲ್ಲಿ ಕೆಲಸ ಕೇಳುವವರನ್ನು ಅಧಿಕಾರಿ ಮೊದಲ ಸಲ ನೋಡಿದ್ದಿರಬೇಕು. ಬೀಗದ ಕೈ ಕೊಟ್ಟರು.

ಆ ಕೋಣೆ ಅರಮನೆಯ ಹಿಂಭಾಗದಲ್ಲಿದೆ, ಹಳೆಯ ಕುದುರೆ ಲಾಯದ ಪಕ್ಕ. ನೆಲದಿಂದ ಛಾವಣಿಯವರೆಗೆ ಬಟ್ಟೆಯಲ್ಲಿ ಕಟ್ಟಿಟ್ಟ ಕಡತ. ನನಗೆ ಪರೀಕ್ಷೆ ಮುಗಿದಿತ್ತು. ಹಳೆಯ ಕೈಬರಹ ಓದುವುದು ನಾನು, ಗಂಟು ಬಿಚ್ಚಿ ಕಟ್ಟುವುದು ಅವಳು. ಬೆಳಿಗ್ಗೆ ಬಂದರೆ ಸಂಜೆಯವರೆಗೆ ಸೀನು. ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಬೇರೆ ಗೈಡುಗಳು ಗುಂಪು ಕರೆದುಕೊಂಡು ಹೋಗುವುದು ಕಂಡಾಗೆಲ್ಲ ಅವಳು ಗಂಟಿನ ಕಡೆ ತಿರುಗಿ ಕೂರುತ್ತಿದ್ದಳು. ಅವರಿಗೂ ಇವಳ ಮೇಲೆ ಸಿಟ್ಟು. ಇಷ್ಟು ವರ್ಷ ತಾವು ಹೇಳಿದ್ದೂ ಸುಳ್ಳಾಯಿತಲ್ಲ ಎಂದು. ಟೇಪ್ ಒಂದು ದಿನ ಬಾಗಿಲಿಗೇ ಬಂದ.

"ಅಕ್ಕ, ನೀನು ಒಬ್ಬಳೇ ಒಳ್ಳೆಯವಳಾಗೋಕೆ ನಮ್ಮನ್ನೆಲ್ಲ ಬೀದಿಗೆ ಹಾಕಿದೆ."

"ಹಾವು ಕಚ್ಚಿಸಿದ್ದು ನಾನಲ್ಲಪ್ಪ," ಎಂದಳು, ಗಂಟು ಬಿಚ್ಚುತ್ತಲೇ. ಅವನಿಗೆ ನಗು ಬಂತು, ಆದರೆ ನಗದೆ ಹೋದ.

ಒಂಬತ್ತನೇ ದಿನ ದುರಸ್ತಿಯ ಕಡತ ಸಿಕ್ಕಿತು. ನಲವತ್ತನೇ ಕಂಬ ಮಳೆಗಾಲದಲ್ಲಿ ನಡುವೆ ಸೀಳಿತ್ತು. ಹಜಾರದ ಛಾವಣಿ ಬೀಳುವ ಹಾಗಿತ್ತು. ಹದಿನೆಂಟು ಜನ ಕೂಲಿಯವರು ಮರದ ದಿಮ್ಮಿಗಳನ್ನು ಆನಿಸಿ, ಛಾವಣಿಯ ಭಾರವನ್ನು ಹನ್ನೊಂದು ದಿನ ಅವುಗಳ ಮೇಲೆ ನಿಲ್ಲಿಸಿದರು. ಸರದಿಯ ಮೇಲೆ ಒಬ್ಬೊಬ್ಬರು ದಿಮ್ಮಿಗೆ ಕಿವಿಯಿಟ್ಟು, ಮರ ನರಳುತ್ತದೆಯೇ ಎಂದು ಕೇಳುತ್ತಿದ್ದರು. ಸೀಳಿದ ಕಂಬ ತೆಗೆದು ಹೊಸದನ್ನು ಕೂರಿಸಿದರು. ಪಕ್ಕದ ಕಂಬಗಳ ಒಂದು ಎಲೆಯೂ ಮುಕ್ಕಾಗಲಿಲ್ಲ. ಕೊನೆಯಲ್ಲಿ ಕೆಲಸದ ಮೇಲ್ವಿಚಾರಕ ಬರೆದಿದ್ದ: ‘ಹೊಸ ಕಂಬದ ಮೇಲೆ ಹಳೆಯ ಕೆತ್ತನೆಯನ್ನು ಅನುಕರಿಸಕೂಡದು. ಮುಂದೆ ನೋಡುವವರು ಇದನ್ನು ಹಳೆಯದೆಂದು ತಪ್ಪು ತಿಳಿಯಬಾರದು.’ ಕೆಳಗೆ ಹದಿನೆಂಟು ಹೆಬ್ಬೆಟ್ಟಿನ ಗುರುತು.

ನಾನು ಓದಿದೆ. ಇನ್ನೊಂದು ಸಲ ಓದು ಎಂದಳು. ಮೂರನೇ ಸಲವೂ ಓದಿಸಿದಳು. ಆಮೇಲೆ ನಗಲು ಶುರು ಮಾಡಿದಳು ನೋಡಿ, ಧೂಳಿಗೆ ಕೆಮ್ಮು ಬಂದು, ಕಣ್ಣಲ್ಲಿ ನೀರು ಬಂದು, ಗಂಟಿನ ಮೇಲೇ ಒರಗಿಕೊಂಡಳು.

"ಈ ಮನುಷ್ಯ ನನ್ನಂಥವರಿಗೆ ಅಂತಲೇ ಬರೆದಿಟ್ಟಿದ್ದಾನಲ್ಲೇ," ಎಂದಳು. ಹೆಬ್ಬೆಟ್ಟುಗಳನ್ನು ಒಂದೊಂದಾಗಿ ಎಣಿಸಿದಳು. ಒಬ್ಬರಿಗೂ ಹೆಸರಿರಲಿಲ್ಲ.

ಸಮಿತಿ ತಿಂಗಳ ಕೊನೆಗೆ ಸೇರಿತು. ತಾನಾಗಿಯೇ ಬಂದು ಒಪ್ಪಿಕೊಂಡದ್ದರಿಂದ ಬಿಲ್ಲೆ ರದ್ದಾಗಲಿಲ್ಲ, ಮೂರು ತಿಂಗಳು ತಡೆಹಿಡಿದರು. ಅದು ಆಮೇಲೆ ವಾಪಸ್ ಬಂತು, ಈಗ ಅವಳ ಸೆರಗಿನ ಮೇಲೇ ಇದೆ. ಆದರೆ ಯಂತ್ರದ ದನಿ ಕೈತಪ್ಪಿತು. ತಪ್ಪು ಮಾಡಿದವರ ದನಿಯನ್ನೇ ಅರಮನೆಯ ದನಿ ಮಾಡುವುದು ಹೇಗೆ ಎಂದು ಸಮಿತಿಯಲ್ಲಿ ಯಾರೋ ಕೇಳಿದರಂತೆ. ಅದನ್ನು ಟೇಪ್‌ಗೆ ಕೊಟ್ಟರು.

ಅವತ್ತು ಸಂಜೆ ದೊಡ್ಡಪ್ಪ ಕಿಟಕಿಗೆ ಕಟ್ಟಿದ್ದ ರಜಾಯಿ ಬಿಚ್ಚಿ ಮಡಿಸಿಟ್ಟರು. ದೊಡ್ಡಮ್ಮ ಒಂದೇ ಒಂದು ಸಲ, "ಹನ್ನೆರಡು ಕೋಣೆ ಎಷ್ಟು ಚೆನ್ನಾಗಿ ಬಂದಿತ್ತು ಅಲ್ವಾ," ಎಂದಳು.

ಫಲಕ ನಿಲ್ಲಿಸುವ ದಿನ ಅವಳು ಎಲ್ಲರ ಹಾಗೆ ಟಿಕೆಟ್ ತೆಗೆದುಕೊಂಡು, ನನ್ನನ್ನೂ ಕರೆದುಕೊಂಡು ಒಳಗೆ ಹೋದಳು. ಕಲ್ಲು ಹಾಳು ಮಾಡುವುದು ಬೇಡವೆಂದು ಅಧಿಕಾರಿ ಅದನ್ನೇ ಮಗುಚಿಸಿ, ಹಿಂಬದಿಯಲ್ಲಿ ಕಡತದ ಮಾತು ಕೆತ್ತಿಸಿದ್ದರು. ಶಿಲ್ಪಿಯ ಮಗಳ ಎರಡೂವರೆ ಸಾಲು ಗೋಡೆಯ ಕಡೆಗಾಯಿತು. ಕಲ್ಲು ಕೂರಿಸುವವನು ಗಾರೆ ಮೆತ್ತಿ ಹೋದ ಮೇಲೂ ದೊಡ್ಡಮ್ಮ ಅಲ್ಲೇ ಗೋಡೆಗೆ ಒರಗಿ ನಿಂತಿದ್ದಳು. ಅಷ್ಟರಲ್ಲಿ ಟೇಪ್ ಒಂದು ಗುಂಪು ಕರೆದುಕೊಂಡು ಬಂದ. ಬೋಳು ಕಂಬದ ಮುಂದೆ ನಿಂತು, ರೂಢಿಯಂತೆ, "ಶಿಲ್ಪಿಗೆ ಒಬ್ಬಳೇ ಮಗಳು," ಎಂದ. ದೊಡ್ಡಮ್ಮ ಕಣ್ಣಿಗೆ ಬಿದ್ದಳು. ನಾನು ಹುಟ್ಟಿದಾಗಿನಿಂದ ಮೊದಲ ಸಲ ಆ ಟೇಪ್ ನಿಂತಿತು. ಬಿಲ್ಲೆ ಇನ್ನೂ ವಾಪಸ್ ಬಂದಿರಲಿಲ್ಲ, ಅವಳಿಗೆ ಗುಂಪಿನೆದುರು ಮಾತಾಡುವ ಹಕ್ಕಿರಲಿಲ್ಲ. ಸುಮ್ಮನೆ ಫಲಕದ ಕಡೆ ಬೆರಳು ತೋರಿಸಿದಳು. ಅವನು ಅದನ್ನು ಗಡಗಡ ಓದಿದ. ಜನ ಮುಂದಿನ ಕೋಣೆಗೆ ಹೋಗಿಬಿಟ್ಟರು. ಒಬ್ಬರೂ ಕಂಬ ಮುಟ್ಟಲಿಲ್ಲ.

ಗುಂಪನ್ನು ಹೊರಗೆ ಬಿಟ್ಟು ಅವನು ಓಡಿಬಂದ. ಹಣೆಯ ಮೇಲೆ ಬೆವರು.

"ಅಕ್ಕ, ಸೋಮವಾರ ನನ್ನ ರೆಕಾರ್ಡಿಂಗ್. ಇದರಲ್ಲಿ ಜೀವವೇ ಇಲ್ಲ. ದುರಸ್ತಿ ಕೆಲಸದ ರಿಪೋರ್ಟ್ ಓದಿದ ಹಾಗಾಗುತ್ತೆ."

"ನೀನು ಓದಿದ ಹಾಗೆ ಓದಿದ್ರೆ ಹಾಗೇ ಆಗುತ್ತೆ."

"ಹಾಗಾದ್ರೆ ಹೇಗೆ?"

ನಾನಾಗಿದ್ದರೆ ಹೇಳಿಕೊಡುತ್ತಿರಲಿಲ್ಲ, ನಿಜ ಹೇಳುತ್ತೇನೆ. ಅವಳು ಗೋಡೆ ಬಿಟ್ಟು ಬಂದಳು. ಹಜಾರ ಖಾಲಿಯಿತ್ತು, ಗುಂಪು ಯಾವುದೂ ಇರಲಿಲ್ಲ, ನಿಯಮ ಮುರಿದ ಹಾಗೂ ಆಗಲಿಲ್ಲ.

"ಮೊದಲು ಅವರನ್ನ ಛಾವಣಿ ನೋಡಿಸು. ಎಷ್ಟು ಭಾರ ಇರಬಹುದು ಅಂತ ಅವರೇ ಅಂದಾಜು ಹಾಕ್ಲಿ. ಸ್ವಲ್ಪ ಹೊತ್ತು ಬಿಡು, ನಿನ್ನ ಬಾಯಿ ಮುಚ್ಕೊಂಡಿರು, ನಿಂಗೆ ಕಷ್ಟ ಅಂತ ಗೊತ್ತು. ಆಮೇಲೆ ಹೇಳು, ಈ ಕಂಬ ಒಂದು ಕಾಲದಲ್ಲಿ ಇಲ್ಲಿರಲಿಲ್ಲ ಅಂತ. ಈ ಜಾಗ ಖಾಲಿ. ಮೇಲೆ ಇಷ್ಟು ಕಲ್ಲು. ಕೆಳಗೆ ಹದಿನೆಂಟು ಜನ. ಸರದಿ ಮೇಲೆ ಮರಕ್ಕೆ ಕಿವಿ ಇಟ್ಕೊಂಡು ಕೇಳ್ತಿದ್ದಾರೆ."

ಹೇಳುತ್ತಾ ಹೇಳುತ್ತಾ ಕಂಬಕ್ಕೆ ತನ್ನ ಕಿವಿಯನ್ನೇ ಆನಿಸಿದಳು. ಟೇಪ್ ಕೂಡ ಇನ್ನೊಂದು ಬದಿಯಿಂದ ಕಿವಿ ಇಟ್ಟ. ಯಾಕೆಂದು ಗೊತ್ತಿಲ್ಲ, ನಾನೂ ಇಟ್ಟೆ. ಕಲ್ಲು ತಣ್ಣಗಿತ್ತು.

"ಈಗ ನೀನು ಹೇಳು," ಎಂದಳು.

ಅವನು ಛಾವಣಿ ನೋಡಿದ, ಕಾದ, ನಿಧಾನವಾಗಿ ಶುರು ಮಾಡಿದ. ಚೆನ್ನಾಗಿಯೇ ಹೇಳಿದ. ಕೊನೆಗೆ ಬಂದಾಗ ದನಿ ಏರಿಸಿ, "ಹಗಲಿರುಳು ಹದಿನೈದು ದಿನ ಮರಕ್ಕೆ ಕಿವಿಯಿಟ್ಟು ನಿಂತರು," ಎಂದ.

"ಹನ್ನೊಂದು," ಎಂದಳು ದೊಡ್ಡಮ್ಮ.

"ಹದಿನೈದು ಅಂದ್ರೆ ಕೇಳೋಕೆ ಚೆನ್ನಾಗಿರುತ್ತೆ ಅಕ್ಕ."

"ಕಾಗದದಲ್ಲಿ ಇರೋದು ಹನ್ನೊಂದು. ಹಗಲಿರುಳು ಅಂತಲೂ ಇಲ್ಲ, ಸರದಿ ಮೇಲೆ ಅಂತ ಇದೆ. ಮೊದಲಿಂದ ಹೇಳು."